ಕಿವಿಗೆ ಗಾಳಿಯೊತ್ತುವ ಯಂತ್ರವನ್ನು ಕೊಳ್ಳುವ ಮೊದಲು

ಭಾಲ್ಕಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಕಳೆದ ವಾರ ಫೋನ್ ಮಾಡಿ, "ಅಕ್ಕಾ, ಕಿವಿಗೆ ಗಾಳಿ ಒತ್ತೋ ಮಷೀನ್ ಅದಂತ, ಚಕ್ಕರ್ ನಿಂತೇ ಹೋಗತದಂತ, ತರಿಸಲೇನು?" ಎಂದು ಕೇಳಿದ. ಅವನಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ, ಏಕೆಂದರೆ ಆರು ವರ್ಷಗಳ ಹಿಂದೆ ಇದೇ ಯಂತ್ರಕ್ಕಾಗಿ ನಾನೂ ಹಣ ಹೊಂದಿಸಲು ಹೊರಟಿದ್ದೆ.

ನನಗಿರುವುದು ಮೆನಿಯೇರ್ಸ್ ಕಾಯಿಲೆ. ಅದು ಮೊದಲ ಸಲ ಬಂದದ್ದು ಕಲಬುರಗಿಯಲ್ಲಿ, ಒಂಬತ್ತನೆಯ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿದ್ದಾಗ. ಎಡಗಿವಿ ಹತ್ತಿ ತುರುಕಿದಂತೆ ಬಿಗಿದು, ಒಳಗೆ ಗುಂಯ್ಯೆನ್ನುವ ಸದ್ದು ಎದ್ದು, ಕರಿಹಲಗೆಯ ಸಮೇತ ಇಡೀ ಕೋಣೆ ಬೀಸುವ ಕಲ್ಲಿನಂತೆ ತಿರುಗತೊಡಗಿತು; ಎರಡು ತಾಸು ವಾಂತಿ ಮಾಡಿಕೊಳ್ಳುತ್ತ ನೆಲ ಹಿಡಿದು ಮಲಗಿದ್ದೆ. ಅನಂತರದ ಒಂದೂವರೆ ವರ್ಷ ಬಿಪಿ, ರಕ್ತಹೀನತೆ, ಕುತ್ತಿಗೆಯ ಎಲುಬಿನ ಸವೆತ ಎಂದು ಬೇರೆ ಬೇರೆ ಹೆಸರಿನಲ್ಲಿ ಮಾತ್ರೆ ನುಂಗಿದೆ, ಕೊರಳಿಗೆ ಪಟ್ಟಿಯನ್ನೂ ಕಟ್ಟಿಕೊಂಡೆ. ಕಡೆಗೆ ಹೈದರಾಬಾದಿನಲ್ಲಿ ಆಡಿಯೋಗ್ರಾಂ ಎಂಬ ಶ್ರವಣ ಪರೀಕ್ಷೆ ಮಾಡಿದಾಗ, ಎಡಗಿವಿಗೆ ಕೆಳಸ್ಥಾಯಿಯ ಸದ್ದುಗಳು ಸರಿಯಾಗಿ ಕೇಳುತ್ತಿಲ್ಲವೆಂಬುದು ಒಂದೇ ಕಾಗದದಲ್ಲಿ ಕಂಡಿತು. ಇಂಥ ತಲೆಸುತ್ತು ಮಿದುಳಿನಿಂದಲ್ಲ, ಒಳಗಿವಿಯಿಂದ ಬರುತ್ತದೆಂದು ಪ್ಯಾರಿಸಿನ ವೈದ್ಯ ಪ್ರಾಸ್ಪರ್ ಮೆನಿಯೇರ್ ಹೇಳಿದ್ದು 1861ರಲ್ಲಿ. ನನ್ನ ತನಕ ಆ ಸುದ್ದಿ ಬರುವುದಕ್ಕೆ ತುಸು ತಡವಾಯಿತು, ಅಷ್ಟೇ.

ಇನ್ನು ಯಂತ್ರದ ವಿಷಯ. ಈ ಕಾಯಿಲೆಯಲ್ಲಿ ಒಳಗಿವಿಯ ಎಂಡೋಲಿಂಫ್ ಎಂಬ ದ್ರವ ಹೆಚ್ಚಾಗಿ, ಅದನ್ನು ಹಿಡಿದಿರುವ ತೆಳುಪೊರೆ ಉಬ್ಬಿರುತ್ತದೆ. ಹೊರಗಿನಿಂದ ಸಣ್ಣ ಸಣ್ಣ ಒತ್ತಡ ಕೊಟ್ಟರೆ ಆ ದ್ರವ ಸರಿದುಹೋದೀತು ಎಂಬುದು ಇದರ ಹಿಂದಿನ ಲೆಕ್ಕ. ಸ್ವೀಡನ್ನಿನಲ್ಲಿ ರೂಪುಗೊಂಡ ಮೆನಿಯೆಟ್ ಎಂಬ ಯಂತ್ರಕ್ಕೆ 1999ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮಾರಾಟದ ಅನುಮತಿ ಕೊಟ್ಟಿತು. ಮೊದಲು ಕಿವಿತಮಟೆಗೆ ತೂತು ಮಾಡಿ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಕೂರಿಸಬೇಕು. ಆಮೇಲೆ ರೋಗಿಯೇ ಮನೆಯಲ್ಲಿ ದಿನಕ್ಕೆ ಮೂರು ಸಲ, ಸುಮಾರು ಐದೈದು ನಿಮಿಷ, ಕಿವಿಗೆ ನಳಿಕೆ ಹಚ್ಚಿಕೊಂಡು ಕೂರಬೇಕು. ಗ್ರೊಮೆಟ್ ಇರುವಷ್ಟು ಕಾಲ ತಲೆಸ್ನಾನಕ್ಕೂ ಕಿವಿ ಮುಚ್ಚಿಕೊಳ್ಳಬೇಕಾಗಬಹುದು ಎಂಬುದನ್ನು ಈ ಯಂತ್ರವನ್ನು ಹೊಗಳಿ ವಿಡಿಯೋ ಮಾಡುವವರು ಹೇಳುವುದಿಲ್ಲ.

ಬಳಸಿದವರಲ್ಲಿ ಅನೇಕರು ಕಡಿಮೆಯಾಯಿತು ಎನ್ನುತ್ತಾರೆ, ಮತ್ತು ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಈ ಕಾಯಿಲೆಯ ಸ್ವಭಾವವೇ ಬಂದು ಹೋಗುವುದು. ನಾಲ್ಕು ತಿಂಗಳು ಕಾಡಿ, ಮುಂದಿನ ಎಂಟು ತಿಂಗಳು ಏನೂ ಮಾಡದೆಯೇ ಸುಮ್ಮನಿರಬಲ್ಲದು, ನಾವು ಯಂತ್ರ ಹುಡುಕುವುದಾದರೋ ಅತಿ ಹೆಚ್ಚು ಕಾಡುತ್ತಿರುವ ದಿನಗಳಲ್ಲಿ. ಆದ್ದರಿಂದಲೇ ಕೆಲವರಿಗೆ ನಿಜವಾದ ಯಂತ್ರವನ್ನೂ ಉಳಿದವರಿಗೆ ಒತ್ತಡವನ್ನೇ ಕೊಡದ ಅದೇ ರೂಪದ ಹುಸಿ ಯಂತ್ರವನ್ನೂ ಕೊಟ್ಟು, ಇಬ್ಬರಿಗೂ ಗ್ರೊಮೆಟ್ ಹಾಕಿ ಹೋಲಿಸಿದರು. ಇಂಥ ಐದು ಪ್ರಯೋಗಗಳ 265 ರೋಗಿಗಳ ಫಲಿತಾಂಶವನ್ನು, ವೈದ್ಯಕೀಯ ಪ್ರಯೋಗಗಳನ್ನು ಒರೆಹಚ್ಚಿ ನೋಡುವ ಕೊಕ್ರೇನ್ ಸಂಸ್ಥೆಯ 2015ರ ಪರಿಶೀಲನೆ ಒಟ್ಟಿಗಿಟ್ಟು ನೋಡಿದಾಗ, ಯಂತ್ರದಿಂದ ತಲೆಸುತ್ತು ಕಡಿಮೆಯಾಗುತ್ತದೆಂಬುದಕ್ಕೆ ಪುರಾವೆ ಸಿಗಲಿಲ್ಲ. ಶ್ರವಣಶಕ್ತಿಯಂತೂ ನಿಜವಾದ ಯಂತ್ರ ಬಳಸಿದವರಲ್ಲೇ ತುಸು ಕಡಿಮೆ ಕಂಡಿತ್ತು. ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಅಕಾಡೆಮಿಯ 2020ರ ಮಾರ್ಗಸೂಚಿ ಈ ಚಿಕಿತ್ಸೆಯನ್ನು ಬರೆದುಕೊಡಬೇಡಿರೆಂದೇ ವೈದ್ಯರಿಗೆ ಹೇಳುತ್ತದೆ. ಪೇಟೆಗೆ ಬರಲು ಅನುಮತಿ ಸಿಕ್ಕಿದ್ದನ್ನೇ ಗುಣವಾಗುವ ಖಾತ್ರಿಯೆಂದು ನಾನು ತಿಳಿದಿದ್ದೆ. ವಿಜ್ಞಾನದ ಶಿಕ್ಷಕಿಯಾಗಿ ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಹಾಗೆಂದು ನಾನು ಮಾಡುತ್ತಿರುವುದಕ್ಕೆಲ್ಲ ಬಲವಾದ ಆಧಾರವಿದೆ ಎಂದಲ್ಲ. ಈ ಕಾಯಿಲೆಗೆಂದು ನಮ್ಮಲ್ಲಿ ಬಹಳ ಮಂದಿಗೆ ಬರೆದುಕೊಡುವ ಬೀಟಾಹಿಸ್ಟಿನ್ ಮಾತ್ರೆಯೂ 2016ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಪ್ರಯೋಗದಲ್ಲಿ ಹುಸಿ ಮಾತ್ರೆಗಿಂತ ಮೇಲಾಗಲಿಲ್ಲ. ಒಳಗಿವಿಯ ದ್ರವ ತಗ್ಗಲೆಂದು ಉಪ್ಪು ಕಡಿಮೆ ಮಾಡುವುದಕ್ಕೂ ಗಟ್ಟಿ ಸಾಕ್ಷ್ಯವಿಲ್ಲ. ಆದರೆ ಅದಕ್ಕೆ ಕಿವಿತಮಟೆಗೆ ತೂತು ಹಾಕಿಸಬೇಕಿಲ್ಲ. ಜೋಳದ ರೊಟ್ಟಿಗೆ ನಮ್ಮ ಮನೆಯಲ್ಲಿ ಮೊದಲೇ ಉಪ್ಪು ಹಾಕುವುದಿಲ್ಲ, ಬಿಡಬೇಕಾದದ್ದು ಉಪ್ಪಿನಕಾಯಿ ಮತ್ತು ಹಪ್ಪಳ ಮಾತ್ರ. ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಉಪ್ಪಿಲ್ಲದ ಮಜ್ಜಿಗೆ ಕುಡಿಯುವುದು ಮಾತ್ರ ನನಗೆ ಇನ್ನೂ ರೂಢಿಯಾಗಿಲ್ಲ.

ತಮ್ಮನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಚಕ್ಕರ್ ಬಂದರೆ ಎಷ್ಟು ಹೊತ್ತು ಇರುತ್ತದೆ? ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ ಅರ್ಧ ನಿಮಿಷ, ಆಮೇಲೆ ಏನೂ ಇಲ್ಲ, ಕಿವಿಯೂ ಚೆನ್ನಾಗಿ ಕೇಳುತ್ತದೆ ಎಂದ. ಮೆನಿಯೇರ್ಸ್ ಎನ್ನಬೇಕಾದರೆ ತಲೆಸುತ್ತು ಕನಿಷ್ಠ 20 ನಿಮಿಷವಾದರೂ ಇರಬೇಕು. ಅವನದು ಬಹುಶಃ ಒಳಗಿವಿಯ ಹರಳು ಜಾರಿದ ತೊಂದರೆ. ಹಾಗಿದ್ದರೆ ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿಯೇ ಸರಿಮಾಡುತ್ತಾರೆ. ಗುರುವಾರ ಇಲ್ಲಿಗೆ ಬರುತ್ತಿದ್ದಾನೆ, ಮೊದಲು ಕಿವಿಯ ಡಾಕ್ಟರರಿಗೆ ತೋರಿಸುತ್ತೇವೆ.