ನರಿಗೆ ಅಂಗಿ ತೊಡಿಸುವವರು

ಕಥೆ ಹೇಳುವವನು ‘ಒಂದು ಕಾಡಿನಲ್ಲಿ ಒಂದು ನರಿ ಇತ್ತು’ ಎಂದುಬಿಟ್ಟರೆ ಮುಗಿಯಿತು. ಪೇಚಾಟವೆಲ್ಲ ಚಿತ್ರಕಾರನದು. ನರಿ ನಾಲ್ಕು ಕಾಲಲ್ಲಿ ನಿಲ್ಲಬೇಕೋ ಎರಡರಲ್ಲೋ, ಮೈಮೇಲೆ ಕೋಟು ಬೇಕೋ ಬೇಡವೋ, ಸಿಂಹ ಕೂರುವುದು ಬಂಡೆಯ ಮೇಲೋ ಗದ್ದುಗೆಯ ಮೇಲೋ? ಇದನ್ನೆಲ್ಲ ಅವನೇ ತೀರ್ಮಾನಿಸಬೇಕು. ಅವನ ಕಾಲದ ಜನ ಯಾರಿಗೆ ಕೈಮುಗಿಯುತ್ತಿದ್ದರು, ಯಾರನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತಿದ್ದರು ಎಂಬ ಗುಟ್ಟು ಅಲ್ಲೇ ರಟ್ಟಾಗುತ್ತದೆ.

ಪಂಚತಂತ್ರದ ನರಿ ದಮನಕನನ್ನೇ ನೋಡಿ. ಸಿಂಹ ಮತ್ತು ಎತ್ತಿನ ಗೆಳೆತನಕ್ಕೆ ಹುಳಿ ಹಿಂಡಿ, ಎತ್ತನ್ನು ಕೊಲ್ಲಿಸಿ, ಕೊನೆಗೆ ಮಂತ್ರಿಯಾಗಿ ಹಾಯಾಗಿರುತ್ತಾನೆ. ರಾಜನೀತಿಯ ಪಾಠವಲ್ಲವೇ, ಗೆದ್ದವನೇ ಜಾಣ! ಇದೇ ಕಥೆ 8ನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫಾನ ಕೈಯಲ್ಲಿ ಅರಬ್ಬಿಯ ‘ಕಲೀಲಾ ವ ದಿಮ್ನಾ’ ಆದಾಗ, ದಮನಕನ ವಿಚಾರಣೆಗೆಂದೇ ಹೊಸ ಅಧ್ಯಾಯವೊಂದು ಸೇರಿಕೊಂಡಿತು. ಸಿಂಹದ ತಾಯಿ ಪಟ್ಟು ಹಿಡಿಯುತ್ತಾಳೆ, ಚಿರತೆ ಸಾಕ್ಷಿ ನುಡಿಯುತ್ತದೆ, ಆರೋಪಿ ನುರಿತ ವಕೀಲನ ಹಾಗೆ ವಾದಿಸುತ್ತಾನೆ. ಆದರೂ ತಲೆ ಉಳಿಯುವುದಿಲ್ಲ. ಹೀಗೆ ಹಸ್ತಪ್ರತಿಗಳಲ್ಲಿ ಸೆರೆಮನೆಯ ನರಿಯ ಚಿತ್ರವೂ ಬಂತು. ಕುತಂತ್ರಿ ಪಾರಾಗುವುದನ್ನು ಒಂದು ನಾಡು ಲೋಕರೂಢಿ ಎಂದುಕೊಂಡಿತು. ಇನ್ನೊಂದು ನಾಡಿಗೆ ಅದು ನಿದ್ದೆಗೆಡಿಸಿರಬೇಕು. ಅಂದಹಾಗೆ, ಮುಕಫ್ಫಾ ಮುನ್ನುಡಿಯಲ್ಲಿ ಚಿತ್ರಗಳ ಪ್ರಯೋಜನವನ್ನೂ ಹೇಳಿದ್ದಾನೆ: ಬಣ್ಣಬಣ್ಣದ ಪ್ರಾಣಿಗಳು ಅರಸರ ಮನಸ್ಸನ್ನು ಗೆಲ್ಲುತ್ತವೆ, ಪ್ರತಿಗಳು ಹೆಚ್ಚುತ್ತವೆ, ಚಿತ್ರಕಾರನಿಗೂ ಲಿಪಿಕಾರನಿಗೂ ಕೆಲಸ ಸಿಗುತ್ತಲೇ ಇರುತ್ತದೆ. ಎಂಥ ವ್ಯವಹಾರಜ್ಞಾನ!

ಇರುವೆ ಮತ್ತು ಮಿಡತೆಯ ಕಥೆಯಲ್ಲಿ ಮಾತ್ರ ಚಿತ್ರವೇ ನೀತಿಗೆ ತಿರುಗಿಬಿದ್ದಿದೆ. ಬೇಸಿಗೆಯೆಲ್ಲ ಹಾಡಿದವಳು ಚಳಿಗಾಲದಲ್ಲಿ ಕುಣಿಯಲಿ ಎಂದು ಇರುವೆ ಕುಟುಕುವುದನ್ನು ಫ್ರೆಂಚ್ ಕವಿ ಲಾ ಫಾಂಟೇನ್ 1668ರಲ್ಲಿ ಪದ್ಯವಾಗಿಸಿದ. ಇನ್ನೂರು ವರ್ಷಗಳ ನಂತರ ಗುಸ್ಟಾವ್ ಡೋರೆ ಅದಕ್ಕೆ ಚಿತ್ರ ಬರೆದಾಗ ಇರುವೆಯೂ ಇಲ್ಲ, ಮಿಡತೆಯೂ ಇಲ್ಲ. ಬಾಗಿಲಲ್ಲಿ ಮನೆಯೊಡತಿ ಮತ್ತು ಮಕ್ಕಳು; ಎದುರಿಗೆ ಗಿಟಾರ್ ಹಿಡಿದ ಬಡ ಹುಡುಗಿ. ಕೀಟಕ್ಕೆ ಬುದ್ಧಿ ಹೇಳುವುದು ಸುಲಭ. ಈ ಹುಡುಗಿಗೆ ‘ಹೋಗಿ ಕುಣಿ’ ಎನ್ನಲು ನಾಲಿಗೆ ಬರುತ್ತದೆಯೇ?

ಈಗಿನ ಮಕ್ಕಳ ಪುಸ್ತಕಗಳಲ್ಲಿ ಸಿಂಹಗಳಿಗೆ ಗುಂಡು ಮುಖ, ದೊಡ್ಡ ಕಣ್ಣು, ಬಾಯ್ತುಂಬ ನಗು. ಹಲ್ಲು ಹುಡುಕಿದರೂ ಸಿಗುವುದಿಲ್ಲ. ಮಕ್ಕಳು ಹೆದರಬಾರದಂತೆ, ಒಳ್ಳೆಯದೇ. ಆದರೆ ಅಂಥ ಮುದ್ದು ಸಿಂಹಕ್ಕೆ ನೆರಳು ತೋರಿಸಿ ಬಾವಿಗೆ ಹಾರಿಸುತ್ತದಲ್ಲ, ಆ ಮೊಲದ ಮೇಲೆ ನನಗೆ ಈಚೆಗೆ ಅನುಮಾನ ಶುರುವಾಗಿದೆ.