ಒಂದು ತಲೆ, ಮೂರು ಟೋಪಿ

ಇಂಗ್ಲೆಂಡಿನ ಸಣ್ಣ ಪಟ್ಟಣವೊಂದರ ನಾಗರಿಕನಿಗೆ ತನ್ನ ಬೀದಿಯಲ್ಲಿ ಕೊಳೆಯುತ್ತಿರುವ ಎಲೆಗಳ ಬಗ್ಗೆ ದೂರು ಕೊಡಬೇಕೆನಿಸಿದರೆ, ಆತ ಮೊದಲು ಆ ಎಲೆಗಳ ಪೌರತ್ವವನ್ನು ನಿರ್ಧರಿಸಬೇಕಾಗುತ್ತದೆ. ಅಲ್ಲಿ ಪಟ್ಟಣಕ್ಕೊಂದು ಟೌನ್ ಕೌನ್ಸಿಲ್, ಹಲವು ಊರುಗಳಿಗೊಂದು ಡಿಸ್ಟ್ರಿಕ್ಟ್ ಕೌನ್ಸಿಲ್, ಹಲವು ಡಿಸ್ಟ್ರಿಕ್ಟುಗಳಿಗೊಂದು ಕೌಂಟಿ ಕೌನ್ಸಿಲ್ ಎಂದು ಸ್ಥಳೀಯ ಆಡಳಿತಕ್ಕೆ ಮೂರು ಅಂತಸ್ತುಗಳು. ಟೌನ್ ಕೌನ್ಸಿಲಿನ ಉದ್ಯಾನದ ಮರದಲ್ಲಿ ಇರುವಷ್ಟು ಕಾಲ ಎಲೆಯು ಟೌನ್ ಕೌನ್ಸಿಲಿಗೆ ಸೇರಿದ್ದು. ಗಾಳಿಗೆ ಹಾರಿ ರಸ್ತೆಗೆ ಬಿದ್ದೊಡನೆ ಅದು ಬೀದಿ ಗುಡಿಸುವ ಹೊಣೆ ಹೊತ್ತ ಡಿಸ್ಟ್ರಿಕ್ಟ್ ಕೌನ್ಸಿಲಿನ ಸ್ವತ್ತಾಗುತ್ತದೆ. ಯಾರೂ ಗುಡಿಸದೆ, ಮಳೆನೀರಿನಲ್ಲಿ ಜಾರಿ ಚರಂಡಿಯ ಜಾಲರಿಯೊಳಗೆ ಇಳಿಯಿತೆಂದರೆ, ರಸ್ತೆಗಳ ಒಡೆಯನಾದ ಕೌಂಟಿ ಕೌನ್ಸಿಲಿನ ಸುಪರ್ದಿಗೆ ಬರುತ್ತದೆ. ಡಿಸ್ಟ್ರಿಕ್ಟಿನವರು ಸ್ವಲ್ಪ ತಾಳ್ಮೆಯಿಂದ ಕಾದರೆ ಸಾಕು, ಅವರ ಪಾಲಿನ ಎಲೆ ತಾನಾಗಿಯೇ ಕೌಂಟಿಯ ಪಾಲಾಗುತ್ತದೆ.

ಕಸದ ವಿಚಾರವೂ ಇಷ್ಟೇ ಶಾಸ್ತ್ರೋಕ್ತವಾಗಿದೆ. ಮನೆ ಬಾಗಿಲಿನಿಂದ ಕಸವನ್ನು ಎತ್ತುವುದು ಡಿಸ್ಟ್ರಿಕ್ಟ್, ಎತ್ತಿದ ಕಸವನ್ನು ವಿಲೇವಾರಿ ಮಾಡುವುದು ಕೌಂಟಿ. ಇದು ಯಾರದೋ ಅಚಾತುರ್ಯದಿಂದ ಆದ ಏರ್ಪಾಡಲ್ಲ. 1990ರ ಪರಿಸರ ಸಂರಕ್ಷಣಾ ಕಾಯ್ದೆಯೇ ಸಂಗ್ರಹಕ್ಕೆ ಒಂದು ಪ್ರಾಧಿಕಾರ, ವಿಲೇವಾರಿಗೆ ಇನ್ನೊಂದು ಪ್ರಾಧಿಕಾರ ಎಂದು ಕೆಲಸ ಹಂಚಿಕೊಟ್ಟಿದೆ. ರಸ್ತೆಗುಂಡಿಗಳಿಗೂ ವಂಶಾವಳಿ ಉಂಟು: ಊರಿನ ರಸ್ತೆಯ ಗುಂಡಿ ಕೌಂಟಿಯದು, ಡಿಸ್ಟ್ರಿಕ್ಟಿನ ವಾಹನ ನಿಲುಗಡೆಯ ಗುಂಡಿ ಡಿಸ್ಟ್ರಿಕ್ಟಿನದು, ಮೋಟಾರುಮಾರ್ಗದ ಗುಂಡಿಯಾದರೆ ನ್ಯಾಷನಲ್ ಹೈವೇಸ್ ಎಂಬ ಸರ್ಕಾರಿ ಸಂಸ್ಥೆಯದು. ತೆರಿಗೆಯ ಬಿಲ್ಲು ಮಾತ್ರ ಒಂದೇ. ಅದನ್ನು ಕಳುಹಿಸುವುದು ಡಿಸ್ಟ್ರಿಕ್ಟ್, ಅದರ ಬಹುಪಾಲು ಹಣ ಹೋಗುವುದು ಕೌಂಟಿಗೆ. ಬೈಗುಳ ಮಾತ್ರ ಪೂರ್ತಿಯಾಗಿ ಬಿಲ್ಲು ಕಳುಹಿಸಿದವರ ಬಳಿಯೇ ಉಳಿಯುತ್ತದೆ.

ಇಂಥ ವ್ಯವಸ್ಥೆಯಲ್ಲಿ ಚುನಾಯಿತ ಸದಸ್ಯರು ಸಾರ್ವಜನಿಕರ ಪ್ರಶ್ನೆಗಳಿಗೆ ಉತ್ತರಿಸಲು ಸಭೆ ಸೇರಿದಾಗ ಉತ್ತರಗಳೆಲ್ಲ ಹೆಚ್ಚುಕಡಿಮೆ ವಿಳಾಸಗಳೇ ಆಗಿರುತ್ತವೆ. ಬೀದಿದೀಪದ ಪ್ರಶ್ನೆಗೆ ಕೌಂಟಿಯನ್ನು ಕೇಳಿ ಎಂದೂ, ಮನೆ ಕಟ್ಟುವ ಪರವಾನಗಿಯ ಪ್ರಶ್ನೆಗೆ ಡಿಸ್ಟ್ರಿಕ್ಟನ್ನು ಕೇಳಿ ಎಂದೂ, ಗ್ರಂಥಾಲಯದ ಪ್ರಶ್ನೆಗೆ ಮತ್ತೆ ಕೌಂಟಿಯನ್ನೇ ಕೇಳಿ ಎಂದೂ ಅವರು ಬಹಳ ವಿನಯದಿಂದ ತಿಳಿಸುತ್ತಾರೆ. ಕೇಳುವವನಿಗೆ ಗೊತ್ತಿಲ್ಲದ ಸ್ವಾರಸ್ಯವೊಂದು ಇಲ್ಲಿದೆ. ಒಬ್ಬರೇ ವ್ಯಕ್ತಿ ಟೌನ್, ಡಿಸ್ಟ್ರಿಕ್ಟ್, ಕೌಂಟಿ ಈ ಮೂರಕ್ಕೂ ಏಕಕಾಲಕ್ಕೆ ಸದಸ್ಯರಾಗಿರಲು ಕಾನೂನಿನ ಅಡ್ಡಿಯಿಲ್ಲ, ಹಾಗೆ ಆಗಿರುವವರು ಅಪರೂಪವೂ ಅಲ್ಲ. ಹೀಗಾಗಿ ಟೌನ್ ಕೌನ್ಸಿಲಿನ ಸಭೆಯಲ್ಲಿ ಕುಳಿತು, “ತಮ್ಮ ಕಳಕಳಿಯನ್ನು ಕೌಂಟಿಯ ಸದಸ್ಯರ ಗಮನಕ್ಕೆ ಖಂಡಿತ ತರುತ್ತೇನೆ” ಎಂದು ಭರವಸೆ ನೀಡುವವರೂ, ಆ ಕೌಂಟಿಯ ಸದಸ್ಯರೂ ಒಂದೇ ಕುರ್ಚಿಯಲ್ಲಿ ಕುಳಿತಿರಬಹುದು. ಅಂಥವರು ಮನೆಗೆ ಹೋಗಿ ತಮಗೆ ತಾವೇ ಪತ್ರ ಬರೆದುಕೊಳ್ಳುತ್ತಾರೆಂದೂ, ಅದಕ್ಕೆ ಡಿಸ್ಟ್ರಿಕ್ಟಿನ ಸದಸ್ಯರಾಗಿ ತಮ್ಮದೇ ಅಭಿಪ್ರಾಯವನ್ನು ಕೋರುತ್ತಾರೆಂದೂ ಊಹಿಸಿದರೆ ಅದು ಅವರ ಶ್ರದ್ಧೆಯನ್ನು ಹೊಗಳಿದಂತೆಯೇ ಆಯಿತು.

ಈ ಗೊಂದಲವನ್ನು ನಿವಾರಿಸಲು ಸರ್ಕಾರವು 2024ರ ಡಿಸೆಂಬರಿನಲ್ಲಿ ಶ್ವೇತಪತ್ರವೊಂದನ್ನು ಹೊರಡಿಸಿತು. ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎಂಬ ಎರಡು ಅಂತಸ್ತುಗಳನ್ನು ತೆಗೆದು, ಎರಡರ ಕೆಲಸವನ್ನೂ ಒಂದೇ ಮಾಡುವ ಯೂನಿಟರಿ ಕೌನ್ಸಿಲುಗಳನ್ನು ಸುಮಾರು 5 ಲಕ್ಷ ಜನರಿಗೆ ಒಂದರಂತೆ ಸ್ಥಾಪಿಸುವುದು ಅದರ ಆಶಯ. 2025ರ ಫೆಬ್ರುವರಿಯಲ್ಲಿ 21 ಪ್ರದೇಶಗಳಿಗೆ ಆಹ್ವಾನ ಹೋಯಿತು: ನಿಮ್ಮನ್ನು ನೀವೇ ರದ್ದುಪಡಿಸಿಕೊಳ್ಳುವ ಯೋಜನೆಯನ್ನು ನೀವೇ ಬರೆದು ಕಳುಹಿಸಿ ಎಂದು. ಸದಸ್ಯರು ಈ ಕೆಲಸಕ್ಕೆ ತೋರಿದ ಉತ್ಸಾಹವನ್ನು ರಸ್ತೆಗುಂಡಿಗಳು ಎಂದೂ ಕಂಡಿರಲಿಲ್ಲ. ಕೌಂಟಿಯವರಿಗೆ ಕೌಂಟಿಯಷ್ಟೇ ದೊಡ್ಡದಾದ ಯೂನಿಟರಿಯಲ್ಲಿ ದಕ್ಷತೆ ಕಂಡಿತು, ಡಿಸ್ಟ್ರಿಕ್ಟಿನವರಿಗೆ ಅದನ್ನು ಎರಡಾಗಿ, ಮೂರಾಗಿ ಸೀಳುವುದರಲ್ಲಿ ಜನಸಾಮೀಪ್ಯ ಕಂಡಿತು. ಎತ್ತು ಏರಿಗೆ, ಕೋಣ ನೀರಿಗೆ.

ಇದೇನೂ ಹೊಸ ಚಿಂತನೆಯಲ್ಲ ಎಂಬುದನ್ನು ಯಾರೂ ಸಭೆಯಲ್ಲಿ ಹೇಳುವುದಿಲ್ಲ. ಈಗ ಅಳಿಯಲಿರುವ ಎರಡು ಅಂತಸ್ತಿನ ನಕ್ಷೆಯು 1972ರ ಸ್ಥಳೀಯ ಆಡಳಿತ ಕಾಯ್ದೆ ತಂದ ಸುಧಾರಣೆಯ ಫಲ. ಅದು 1974ರಲ್ಲಿ ಜಾರಿಗೆ ಬಂದಾಗ ಹುಟ್ಟಿದ ಏವನ್ ಎಂಬ ಕೌಂಟಿ 22 ವರ್ಷ ಬದುಕಿ 1996ರಲ್ಲಿ ತೀರಿಕೊಂಡಿತು. 1974ರಲ್ಲೇ ಕೌಂಟಿ ಪಟ್ಟ ಕಳೆದುಕೊಂಡು ಲೆಸ್ಟರ್‌ಶೈರಿನೊಳಗೆ ಕರಗಿದ್ದ ಪುಟ್ಟ ರಟ್ಲಂಡ್ 1997ರಲ್ಲಿ ಮತ್ತೆ ಸ್ವತಂತ್ರವಾಯಿತು. ಬರ್ಕ್‌ಶೈರಿನ ಕೌಂಟಿ ಕೌನ್ಸಿಲನ್ನು 1998ರಲ್ಲಿ ತೆಗೆದು ಆರು ಯೂನಿಟರಿಗಳಿಗೆ ಜವಾಬ್ದಾರಿ ಹಂಚಲಾಯಿತು. ಆಗ ಒಡೆಯುವುದು ಸುಧಾರಣೆಯಾಗಿತ್ತು, ಈಗ ಕೂಡಿಸುವುದು. ಈ ಬದಲಾವಣೆಗಳೆಲ್ಲವೂ ಜಾರಿಯಾದದ್ದು ಏಪ್ರಿಲ್ 1ರಂದು. ಹಣಕಾಸು ವರ್ಷ ಅಂದು ಆರಂಭವಾಗುತ್ತದೆ ಎಂಬುದು ಅಧಿಕೃತ ಕಾರಣ.

ಅಂತಸ್ತು ಕಡಿಮೆಯಾಗುತ್ತದೆ ಎಂಬ ಮಾತಿನಲ್ಲೂ ಒಂದು ಚಮತ್ಕಾರವಿದೆ. 2009ರಲ್ಲಿ ವಿಲ್ಟ್‌ಶೈರ್ ಯೂನಿಟರಿಯಾದಾಗ ಸಾಲ್ಸ್‌ಬರಿಗೆಂದು ಹೊಸ ಸಿಟಿ ಕೌನ್ಸಿಲ್ ಹುಟ್ಟಿತು. 2023ರಲ್ಲಿ ಸಾಮರ್‌ಸೆಟ್ ಯೂನಿಟರಿಯಾದಾಗ ಟಾಂಟನ್ನಿಗೆ ಹೊಸ ಟೌನ್ ಕೌನ್ಸಿಲ್ ಬಂದಿತು. ದೊಡ್ಡ ಕೌನ್ಸಿಲುಗಳು ಜನಮತ ಪಡೆಯದೆ ಇಂತಿಷ್ಟಕ್ಕಿಂತ ಹೆಚ್ಚು ತೆರಿಗೆ ಏರಿಸುವಂತಿಲ್ಲ, ಟೌನ್ ಕೌನ್ಸಿಲುಗಳಿಗೆ ಅಂಥ ಮಿತಿ ಇದುವರೆಗೆ ಅನ್ವಯವಾಗಿಲ್ಲ. ಮೇಲಿನ ಮಹಡಿಯನ್ನು ಕೆಡವಿದವರಿಗೆ ಹೂತೋಟ, ಶೌಚಾಲಯ, ಆಟದ ಮೈದಾನಗಳನ್ನು ಕೆಳಗಿನ ಮಹಡಿಗೆ ದಾಟಿಸುವ ಆಸೆ ಏಕೆ ಹುಟ್ಟುತ್ತದೆಂದು ಇನ್ನು ವಿವರಿಸಬೇಕಾಗಿಲ್ಲ.

ಆದರೆ ಪ್ರಶ್ನೋತ್ತರದ ಕಲೆ ಪರಾಕಾಷ್ಠೆಯನ್ನು ಮುಟ್ಟುವುದು ಸಂಧಿಕಾಲದಲ್ಲಿ. ಸರ್ರೆ ಎಂಬ ಕೌಂಟಿಯನ್ನು ನೋಡಿ: ಕೌಂಟಿ ಕೌನ್ಸಿಲ್ ಒಂದು, ಡಿಸ್ಟ್ರಿಕ್ಟುಗಳು (ಕೆಲವಕ್ಕೆ ಬರೋ ಎಂಬ ಹೆಸರು) 11, ಒಟ್ಟು 12, ಇವುಗಳ ಬದಲಿಗೆ ಪೂರ್ವ ಸರ್ರೆ, ಪಶ್ಚಿಮ ಸರ್ರೆ ಎಂಬ ಎರಡು. ಹೊಸದಕ್ಕೆ ಚುನಾವಣೆ 2026ರ ಮೇ ತಿಂಗಳಲ್ಲಿ, ಅಧಿಕಾರ 2027ರ ಏಪ್ರಿಲಿನಲ್ಲಿ. ನಡುವಿನ ಅವಧಿಯಲ್ಲಿ ಹೊಸ ಎರಡು ಛಾಯಾ ಮಂಡಳಿಗಳಾಗಿರುತ್ತವೆ, ಹಳೆಯ 12 ಇದ್ದಲ್ಲೇ ಇರುತ್ತವೆ; ಅಂದರೆ 12ನ್ನು 2ಕ್ಕೆ ಇಳಿಸುವ ಮೊದಲ ಹೆಜ್ಜೆಯಾಗಿ 14 ಆಗುತ್ತವೆ. 2021ರಲ್ಲಿ ನಾಲ್ಕು ವರ್ಷಕ್ಕೆಂದು ಆಯ್ಕೆಯಾದ ಕೌಂಟಿ ಸದಸ್ಯರು 2025ರ ಚುನಾವಣೆ ಮುಂದೂಡಲ್ಪಟ್ಟದ್ದರಿಂದ ತಮ್ಮ ಹುದ್ದೆಯನ್ನು ಜನರ ಕಾಟವಿಲ್ಲದೆ ಮುಂದುವರಿಸಿದ್ದಾರೆ. ಸಾಲದೆಂಬಂತೆ, 2007ರ ಕಾಯ್ದೆಯೊಂದರ ಪ್ರಕಾರ ಸರ್ಕಾರ ನಿರ್ದೇಶನ ಹೊರಡಿಸಿದರೆ, ಅಳಿಯಲಿರುವ ಕೌನ್ಸಿಲುಗಳು ದೊಡ್ಡ ಗುತ್ತಿಗೆಗಳಿಗೆ ಸಹಿ ಹಾಕುವ ಮುನ್ನ ಹುಟ್ಟಲಿರುವವರ ಒಪ್ಪಿಗೆ ಪಡೆಯಬೇಕು.

ಇಂಥ ಊರಿನಲ್ಲಿ ಯಾರಾದರೂ ಎದ್ದು ನಿಂತು ರಸ್ತೆಗಳ ದುರಸ್ತಿಯ ಹೊಸ ಗುತ್ತಿಗೆ ಯಾವಾಗ ಎಂದು ಕೇಳಿದರೆಂದಿಟ್ಟುಕೊಳ್ಳಿ. ಹೊಸ ಮಂಡಳಿಯ ಒಪ್ಪಿಗೆ ಬರಬೇಕು ಎಂದು ಕೌಂಟಿಯ ಸದಸ್ಯರು ಹೇಳುತ್ತಾರೆ. ರಸ್ತೆಗಳು ನಮ್ಮ ಕೈಗೆ ಬರುವುದು ಏಪ್ರಿಲಿಗೆ ಎಂದು ಹೊಸ ಮಂಡಳಿಯ ಸದಸ್ಯರು ಹೇಳುತ್ತಾರೆ. ಮೇ ತಿಂಗಳಲ್ಲಿ ಗೆದ್ದು ಬಂದವರು ಕೌಂಟಿಯ ಹಳಬರೇ ಆಗಿದ್ದರೆ, ಎರಡನೆಯ ಉತ್ತರವನ್ನು ಕೊಡಲು ಅವರು ಮತ್ತೊಮ್ಮೆ ಎದ್ದು ನಿಲ್ಲಬೇಕಾಗಿ ಬರುತ್ತದೆ.