ಹತ್ತು ಗಂಟೆಯ ಹೆಜ್ಜಾರ್ಲೆಗಳು

ವಾರದ ನಡುವಿನ ದಿನ ಬೆಳಿಗ್ಗೆ ಹತ್ತು ಗಂಟೆಗೆ ಆಕಾಶ ಹೇಗಿರುತ್ತದೆ ಎಂಬುದನ್ನು ನೋಡುವ ಅವಕಾಶ ನೌಕರಿಯಲ್ಲಿರುವವರಿಗೆ ಸಿಗುವುದಿಲ್ಲ. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದಷ್ಟು ಕಾಲವೂ ಆ ಹೊತ್ತಿಗೆ ನಾನು ಪ್ರಾರ್ಥನೆಯ ಸಾಲುಗಳ ಎದುರು ನಿಂತಿರುತ್ತಿದ್ದೆ, ಇಲ್ಲವೇ ಹಾಜರಿ ಪುಸ್ತಕ ಹಿಡಿದು ತರಗತಿಯತ್ತ ಹೊರಟಿರುತ್ತಿದ್ದೆ. ಅರವತ್ತು ತುಂಬಿ ನಿವೃತ್ತಳಾದ ಮೇಲೆ, ಮೈಸೂರಿನ ಸರಸ್ವತೀಪುರಂನ ನಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕಲು ಹೋದಾಗ ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಮೇಲೇಳುವುದು ಕಾಣತೊಡಗಿತು. ಬಿಸಿಲೇರಿ ನೆಲ ಕಾದ ಮೇಲೆ ಬಿಸಿಗಾಳಿ ಕಂಬದಂತೆ ಮೇಲಕ್ಕೆ ಹೋಗುತ್ತದೆ. ಎರಡು ಮೀಟರಿಗೂ ಉದ್ದವಾಗಿ ರೆಕ್ಕೆ ಹರಡುವ ಈ ಭಾರಿ ಹಕ್ಕಿ ಆ ಗಾಳಿಯನ್ನೇ ಆಶ್ರಯಿಸಿ, ರೆಕ್ಕೆ ಬಡಿಯದೆ, ಸುತ್ತು ಸುತ್ತಾಗಿ ಚುಕ್ಕೆಯಾಗುವಷ್ಟು ಎತ್ತರಕ್ಕೆ ಏರಿ, ಅಲ್ಲಿಂದ ಬೇರೊಂದು ಕೆರೆಯ ಕಡೆಗೆ ಜಾರಿಕೊಂಡು ಹೋಗುತ್ತದೆ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ ಎಂದು ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ ಎಷ್ಟು ತಂಡದ ಮಕ್ಕಳಿಗೆ ಕಲಿಸಿದ್ದೇನೋ. ಆ ಪಾಠ ಆಕಾಶದಲ್ಲಿ ನಡೆಯುವುದನ್ನು ನೋಡುವ ಬಿಡುವು ನನಗೆ ಸಿಕ್ಕಿದ್ದು ಈಗ.

ನಿವೃತ್ತಿಯ ಸುಖದ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮಲ್ಲಿ ದೊಡ್ಡ ಸಂಗತಿಗಳೇ ಮುಂದೆ ಬರುತ್ತವೆ: ಕಾಶಿಯಾತ್ರೆ, ಅಮೆರಿಕದ ಮಗನ ಮನೆ, ಬಂದ ಹಣದಲ್ಲಿ ಕಟ್ಟಿಸಿದ ಮಹಡಿ. ಅವೆಲ್ಲ ಇರಲಿ, ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಯಾತ್ರೆ ಮುಗಿಸಿ ಬಂದ ಮರುದಿನವೂ ಬೆಳಗಾಗುತ್ತದೆ, ಅಂಥ ನೂರಾರು ಬೆಳಗುಗಳಲ್ಲೇ ಉಳಿದ ಆಯಸ್ಸು ಸಾಗಬೇಕು. ಆ ಸಾಧಾರಣ ದಿನಗಳಿಗೆ ರುಚಿ ಕೊಡುವ ಸಂಗತಿಗಳು ಬಹಳ ಸಣ್ಣವು, ಬಹುಪಾಲು ಖರ್ಚಿಲ್ಲದವು. ಅವಕ್ಕೆ ಬೇಕಾದದ್ದು ಎರಡೇ: ಯಾರೂ ಬೇಡಿಕೆಯಿಡದ ಒಂದಿಷ್ಟು ಸ್ವಂತ ಹೊತ್ತು ಮತ್ತು ನಡೆದುಕೊಂಡೇ ತಲುಪಬಹುದಾದ, ಹಣ ಕೇಳದ ಒಂದು ಜಾಗ. ನಮ್ಮ ಓರಗೆಯ ಹೆಂಗಸರಲ್ಲಿ ಹೆಚ್ಚಿನವರಿಗೆ ಮೊದಲನೆಯದು ದಕ್ಕುತ್ತಿಲ್ಲ, ಹೊಸ ಬಡಾವಣೆಗಳಲ್ಲಿ ಎರಡನೆಯದು ಇಲ್ಲ. ಈ ಬರಹ ಅದರ ಬಗ್ಗೆಯೇ.

ಜಾಗದ ಮಾತನ್ನು ಮೊದಲು ಹೇಳುತ್ತೇನೆ, ಏಕೆಂದರೆ ಆ ವಿಷಯದಲ್ಲಿ ನಾನು ಭಾಗ್ಯವಂತೆ. ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು 1864ರಲ್ಲಿ, ನೀರಿನ ಅಗತ್ಯಕ್ಕಾಗಿ. ಈಗ ಅದು ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ, ಮಾನಸಗಂಗೋತ್ರಿಯ ಮಗ್ಗುಲಲ್ಲೇ ಇದೆ. ಬೆಳಿಗ್ಗೆ ಅಲ್ಲಿ ನಡೆಯುವವರಲ್ಲಿ ಬಹಳಷ್ಟು ಜನ ಆರೋಗ್ಯಕ್ಕಾಗಿ ಬರುತ್ತಾರೆ, ಕೈ ಬೀಸಿ ವೇಗವಾಗಿ ಹೋಗುತ್ತಾರೆ. ನಾನು ನಿಧಾನವಾಗಿ ನಡೆಯುತ್ತೇನೆ, ಅಲ್ಲಲ್ಲಿ ನಿಲ್ಲುತ್ತೇನೆ. ನೀರಲ್ಲಿ ಮುಳುಗಿ ಬಂದ ಹಾವಕ್ಕಿ ಒಣಕೊಂಬೆಯ ಮೇಲೆ ಕುಳಿತು ರೆಕ್ಕೆಗಳನ್ನು ಹರವಿಕೊಳ್ಳುವುದನ್ನು ನೋಡಲು ನಿಲ್ಲಲೇಬೇಕು. ಬಾತಿನ ಗರಿ ನೀರನ್ನು ತಡೆಯುವಷ್ಟು ಪೂರ್ತಿಯಾಗಿ ಅದರ ಗರಿ ತಡೆಯುವುದಿಲ್ಲ. ಗರಿ ನೆನೆಯುವುದರಿಂದಲೇ ದೇಹ ಸಲೀಸಾಗಿ ಮುಳುಗುತ್ತದೆ, ನೆನೆಯುವುದರಿಂದಲೇ ಆಮೇಲೆ ಬಿಸಿಲಿಗೆ ಒಡ್ಡಿಕೊಳ್ಳಬೇಕಾಗುತ್ತದೆ. ನೀರುಕಾಗೆಯದೂ ಹೆಚ್ಚು ಕಡಿಮೆ ಇದೇ ಕತೆ. ಹೆಜ್ಜಾರ್ಲೆ ಕೊಕ್ಕಿನ ಚೀಲದಲ್ಲಿ ಮೀನಿನ ಜೊತೆ ನೀರನ್ನೂ ತುಂಬಿಕೊಂಡು, ಕೊಕ್ಕನ್ನು ಎದೆಗೊತ್ತಿ ನೀರೆಲ್ಲ ಸೋರಿಹೋಗುವವರೆಗೆ ಕಾದು, ಆಮೇಲೆ ಕತ್ತೆತ್ತಿ ನುಂಗುತ್ತದೆ. ಈ ಕಾಯುವಿಕೆಯನ್ನು ನೋಡಲು ನಮಗೂ ಕಾಯುವ ವ್ಯವಧಾನ ಬೇಕು. ಎಂಟೂವರೆಯ ಬಸ್ಸು ಹಿಡಿಯಬೇಕಿದ್ದ ದಿನಗಳಲ್ಲಿ ಅದು ನನ್ನಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಮೈಸೂರನ್ನು ಪಿಂಚಣಿದಾರರ ಊರು ಎಂದು ಕರೆಯುವುದು ಹಳೆಯ ರೂಢಿ. ಹವೆ ಚೆನ್ನಾಗಿದೆ ಎಂಬುದೊಂದೇ ಇದಕ್ಕೆ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗ್ ಬಂದು ಇಕ್ಕಟ್ಟಾದ ಕೇರಿಗಳಲ್ಲಿ ಜನ ಸತ್ತ ಮೇಲೆ, 1903ರಲ್ಲಿ ನಗರಾಭಿವೃದ್ಧಿಗಾಗಿ ಒಂದು ವಿಶ್ವಸ್ಥ ಮಂಡಳಿಯೇ ಸ್ಥಾಪನೆಯಾಯಿತು. ಗಾಳಿ ಬೆಳಕು ಬರುವ ಬಡಾವಣೆಗಳು, ಅಗಲವಾದ ರಸ್ತೆಗಳು, ಚರಂಡಿಗಳು, ತೆರೆದ ಬಯಲುಗಳು ರೂಪುಗೊಂಡದ್ದರ ಹಿಂದೆ ಈ ಯೋಚನೆಯಿದೆ. ಊರು ಕಟ್ಟುವಾಗ ಮನುಷ್ಯ ನಡೆದಾಡುತ್ತಾನೆ, ಕೂರುತ್ತಾನೆ, ಉಸಿರಾಡುತ್ತಾನೆ ಎಂಬುದನ್ನು ನೆನಪಿಟ್ಟುಕೊಂಡವರ ಫಲವನ್ನು ನಾವು ಇಂದು ಅನುಭವಿಸುತ್ತಿದ್ದೇವೆ. ನನ್ನ ಸಹೋದ್ಯೋಗಿಯಾಗಿದ್ದವರೊಬ್ಬರು ಊರ ಹೊರಗಿನ ಹೊಸ ಬಡಾವಣೆಯಲ್ಲಿ ಚೆಂದದ ಮನೆ ಕಟ್ಟಿಸಿದ್ದಾರೆ. ಮನೆಯಲ್ಲಿ ಎಲ್ಲವೂ ಇದೆ, ಆದರೆ ಗೇಟು ದಾಟಿದರೆ ಕಾಲುದಾರಿಯಿಲ್ಲ, ನೆರಳಿಲ್ಲ, ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿ ಕಟ್ಟಡದ ಅವಶೇಷಗಳನ್ನು ಸುರಿದಿದ್ದಾರೆ. ಮಂಡಿನೋವಿನ ಅವರು ವಾರಗಟ್ಟಲೆ ಹೊರಗೆ ಕಾಲಿಡುವುದಿಲ್ಲ. ಅವರ ಮನೆಗೆ ಹೋಗಿ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಗ್ರಂಥಾಲಯದ ವಾಚನಾಲಯ ನನ್ನ ಇನ್ನೊಂದು ಜಾಗ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಅದರ ಪ್ರಕಾರವೇ ಸೇರಿಕೊಳ್ಳುತ್ತದೆ. ಹೀಗೆ ಪ್ರತಿ ಮನೆಯವರೂ ಹಣ ಕೊಟ್ಟು ನಡೆಸುತ್ತಿರುವ ಈ ಕೋಣೆಗಳಲ್ಲಿ ಬೆಳಿಗ್ಗೆ ಹೋದರೆ ಪತ್ರಿಕೆಗಳ ಸುತ್ತ ಗಂಡಸರೇ ಕಾಣುತ್ತಾರೆ. ಒಬ್ಬರು ಮೊದಲ ಪುಟ ಮುಗಿಸಿ ಕ್ರೀಡಾಪುಟವನ್ನು ಪಕ್ಕದವರಿಗೆ ದಾಟಿಸುವ ಕ್ರಮ, ಕನ್ನಡಕ ಒರೆಸಿಕೊಳ್ಳುತ್ತಾ ಸಂಪಾದಕೀಯವನ್ನು ಎರಡನೆಯ ಸಲ ಓದುವವರ ತನ್ಮಯತೆ, ಮಾತಿಲ್ಲದ ಆ ಸಹವಾಸ, ಎಲ್ಲವೂ ನನಗೆ ಇಷ್ಟ. ಆದರೆ ಹೆಂಗಸರಿಗೆಂದು ಇಟ್ಟ ಬೆಂಚಿನಲ್ಲಿ ಎಷ್ಟೋ ದಿನ ನಾನೊಬ್ಬಳೇ ಕುಳಿತಿರುತ್ತೇನೆ. ಓದು ಬರುವ ಹೆಂಗಸರು ನಮ್ಮ ಬೀದಿಯಲ್ಲಿ ಬೇಕಾದಷ್ಟು ಇದ್ದಾರೆ, ಹಲವರು ನನಗಿಂತ ಹೆಚ್ಚು ಓದಿಕೊಂಡವರು. ಅವರು ಬರುವುದಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅವರಿಗೆ ಮನೆಯಲ್ಲಿ ಕೆಲಸವಿರುತ್ತದೆ.

ಈ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗಂಡಸು ನಿವೃತ್ತನಾದರೆ ಮನೆಯವರೆಲ್ಲ ಅವನ ವಿಶ್ರಾಂತಿಯನ್ನು ಒಪ್ಪಿಕೊಳ್ಳುತ್ತಾರೆ, ಅವನು ವಾಕಿಂಗಿಗೆ ಹೊರಟರೆ ಯಾರೂ ಕಾರಣ ಕೇಳುವುದಿಲ್ಲ. ಹೆಂಗಸು ನಿವೃತ್ತಳಾದರೆ ಮನೆಗೆ ಇಡೀ ದಿನ ದೊರೆಯುವ ಒಬ್ಬ ಆಳು ಬಂದಂತಾಗುತ್ತದೆ. "ಅಮ್ಮ, ನೀವು ಹೇಗೂ ಮನೇಲೇ ಇರ್ತೀರಲ್ಲ, ಪಾಪುನ ಸ್ಕೂಲ್ ವ್ಯಾನ್ ಹತ್ರ ಬಿಟ್ಟುಬಿಡಿ" ಎಂದು ಸೊಸೆ ಕೇಳುತ್ತಾಳೆ. "ಮೇಡಂ, ಗ್ಯಾಸ್ ಬಂದ್ರೆ ನಮ್ಮದೂ ಇಸ್ಕೊಳ್ಳಿ" ಎಂದು ಎದುರುಮನೆಯವರು ಹೇಳುತ್ತಾರೆ. ಕೇಳುವವರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ಮೊಮ್ಮಕ್ಕಳ ಕೈ ಹಿಡಿದು ಹೋಗುವುದು ನಮಗೂ ಸಂತೋಷವೇ. ಆದರೂ ಒಂದೊಂದೇ ಕೆಲಸ ಸೇರುತ್ತಾ ಬೆಳಗಿನ ಹೊತ್ತೆಲ್ಲ ಕರಗಿಹೋಗುತ್ತದೆ. ಇದು ನನ್ನೊಬ್ಬಳ ಅನಿಸಿಕೆಯಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರನ್ನಷ್ಟೇ ತೆಗೆದುಕೊಂಡರೂ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಹೊರಗಿನ ನೌಕರಿಯನ್ನೇ ಮಾಡದ ಗೃಹಿಣಿಯ ಪಾಲಿಗಂತೂ ನಿವೃತ್ತಿಯ ವಯಸ್ಸು ಎಂಬುದೇ ಇಲ್ಲ. ಅವಳ ಗಂಡನಿಗೆ ಅರವತ್ತಾದ ದಿನದಿಂದ ಅವಳ ಪಾಲಿಗೆ ಹನ್ನೊಂದು ಗಂಟೆಯ ಕಾಫಿಯೊಂದು ಹೆಚ್ಚಾಗುತ್ತದೆ.

ನಮ್ಮ ಮನೆಯಲ್ಲಿ ಈ ಬಗ್ಗೆ ಕುಳಿತು ಮಾತಾಡಿ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಆರರಿಂದ ಎಂಟು ನನ್ನದು. ಆ ಹೊತ್ತಿನಲ್ಲಿ ಹಾಲು ಕಾಯಿಸುವುದು, ಸೊಪ್ಪು ಬಿಡಿಸುವುದು, ಕಾಫಿ ಡಿಕಾಕ್ಷನ್ ಇಳಿಸುವುದು ನಮ್ಮ ಯಜಮಾನರ ಪಾಲಿಗೆ. ಅಡುಗೆಮನೆಯ ಕಿಟಕಿಯ ಮೇಲಿನ ರೇಡಿಯೊ ಈಗ ಅವರ ವಶ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದ ಊರು ಇದು. ಮೈಸೂರು ಆಕಾಶವಾಣಿಯನ್ನು ಕೇಳುತ್ತಾ ಸೊಪ್ಪು ಬಿಡಿಸುವುದು ತಮಗೆ ಬಹಳ ಹಿತವೆನಿಸುತ್ತದೆ ಎಂದು ಯಜಮಾನರೇ ಹೇಳುತ್ತಾರೆ. ಅವರಿಗೂ ಹೊಸದೊಂದು ಸಣ್ಣ ಸುಖ ಸಿಕ್ಕಿತು, ನನಗೆ ಕೆರೆ ಸಿಕ್ಕಿತು. ಎಲ್ಲ ಮನೆಗಳಲ್ಲೂ ಇಷ್ಟು ಸುಲಭವಾಗಿ ಆಗುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೆ ಅನೇಕ ಮನೆಗಳಲ್ಲಿ ಯಾರೂ ಈ ಮಾತನ್ನು ಎತ್ತಿಯೇ ಇರುವುದಿಲ್ಲ. ಎತ್ತಬೇಕು, ಅದೂ ಮಕ್ಕಳೇ ಎತ್ತಿದರೆ ಇನ್ನೂ ಒಳ್ಳೆಯದು.

ಹಣದ ವಿಚಾರವನ್ನು ಮರೆತು ಈ ಮಾತುಗಳನ್ನು ಹೇಳಲು ಬರುವುದಿಲ್ಲ. ತಿಂಗಳ ಮೊದಲಿಗೆ ನಿಶ್ಚಿತವಾಗಿ ಪಿಂಚಣಿ ಬರುತ್ತದೆ ಎಂಬ ನೆಮ್ಮದಿಯ ಮೇಲೆ ನನ್ನ ಈ ಬೆಳಗುಗಳು ನಿಂತಿವೆ. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರದ ಸೇವೆಗೆ ಸೇರಿ ಹೊಸ ಪಿಂಚಣಿ ಯೋಜನೆಗೆ ಒಳಪಟ್ಟ ನನ್ನ ಕಿರಿಯ ಸಹೋದ್ಯೋಗಿಗಳು ಸಿಕ್ಕಾಗ ಅವರ ಮಾತಿನಲ್ಲಿ ಆ ನೆಮ್ಮದಿ ಕಾಣುವುದಿಲ್ಲ, ಅವರ ಆತಂಕ ನ್ಯಾಯವಾದದ್ದು. ಮನೆಗೆಲಸ ಮಾಡಿ, ಹೂ ಕಟ್ಟಿ ಬದುಕಿದವರ ಮುಪ್ಪಿನ ಪ್ರಶ್ನೆ ಅದಕ್ಕಿಂತಲೂ ದೊಡ್ಡದು. ಖರ್ಚಿಲ್ಲದ ಜಾಗಗಳು ಉಳಿಯಲೇಬೇಕೆಂದು ನಾನು ಇಷ್ಟು ಒತ್ತಿ ಹೇಳುವುದು ಅವರಿಗೂ ಅವು ಸೇರಿದವು ಎಂಬ ಕಾರಣಕ್ಕೆ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಆರಂಭವಾದ ಮೇಲೆ ನಮ್ಮ ಮನೆಗೆ ಹೂ ಕೊಡುವ ಅಜ್ಜಿ ಸೋಮವಾರಗಳಲ್ಲಿ ಬಸ್ಸು ಹತ್ತಿ ನಂಜನಗೂಡಿಗೆ ಹೋಗಿಬರುತ್ತಾರೆ. ದೇವರ ದರ್ಶನಕ್ಕಿಂತ ಹೆಚ್ಚಾಗಿ ಕಪಿಲೆಯ ಸೋಪಾನದ ಮೇಲೆ ಕುಳಿತಿದ್ದ ಹೊತ್ತನ್ನೇ ಅವರು ಮತ್ತೆ ಮತ್ತೆ ವರ್ಣಿಸುತ್ತಾರೆ. ಈ ಯೋಜನೆಯ ಲೆಕ್ಕಾಚಾರದ ಬಗ್ಗೆ ವಾದ ಮಾಡುವವರು ಆ ಅಜ್ಜಿಯ ಮುಖವನ್ನು ಒಮ್ಮೆ ನೋಡಬೇಕು.

ಮೇಲೆ ಹೇಳಿದ ಹೊಸ ಬಡಾವಣೆಯ ಸ್ನೇಹಿತೆಯ ಜೊತೆ ಸೇರಿ ನಾವು ಕೆಲವರು ಸಂಬಂಧಪಟ್ಟ ಕಚೇರಿಗೆ ಒಂದು ಅರ್ಜಿ ಕೊಟ್ಟಿದ್ದೇವೆ. ಉದ್ಯಾನದ ಜಾಗದಲ್ಲಿ ಸುರಿದಿರುವ ಕಟ್ಟಡದ ಕಸ ತೆಗೆಸಬೇಕು, ಬೆನ್ನು ಆನಿಸಲು ಆಸರೆಯಿರುವ ನಾಲ್ಕು ಬೆಂಚು ಹಾಕಿಸಬೇಕು, ಒಂದು ಶೌಚಾಲಯ ಕಟ್ಟಿಸಿ ಅದರ ಬೀಗದ ಕೈಯನ್ನು ಅಲ್ಲಿಯೇ ಯಾರ ಬಳಿಯಾದರೂ ಇಡಬೇಕು, ಮಂಡಿನೋವಿನವರು ಹತ್ತಿ ಇಳಿಯುವಷ್ಟು ತಗ್ಗಾದ ಕಾಲುದಾರಿ ಮಾಡಿಸಬೇಕು. ಶೌಚಾಲಯವಿಲ್ಲದ ಕಡೆಗೆ ಅರವತ್ತು ದಾಟಿದ ಹೆಂಗಸು ಎರಡು ಗಂಟೆ ಇರಲೆಂದು ಬರುವುದಿಲ್ಲ. ಯೋಜನೆ ಮಾಡುವವರಿಗೆ ಇದನ್ನು ಬಾಯಿಬಿಟ್ಟು ಹೇಳಲೇಬೇಕಾಗಿದೆ. ಉತ್ತರ ಇನ್ನೂ ಬಂದಿಲ್ಲ, ಮುಂದಿನ ತಿಂಗಳ ಮೊದಲ ವಾರ ಮತ್ತೆ ಹೋಗಿ ವಿಚಾರಿಸುತ್ತೇವೆ. ಮೈಸೂರಿನ ಹೊರವಲಯದ ಬಡಾವಣೆಗಳಲ್ಲಿರುವ ನಿವೃತ್ತರು, ಅದರಲ್ಲೂ ಹೆಂಗಸರು, ಇದನ್ನು ಓದುತ್ತಿದ್ದರೆ ನಿಮ್ಮ ಬಡಾವಣೆಯ ಉದ್ಯಾನದ ಸ್ಥಿತಿಯನ್ನು ಇಲ್ಲಿ ಬರೆಯಿರಿ. ನಮ್ಮ ಎರಡನೆಯ ಅರ್ಜಿಯಲ್ಲಿ ಅದನ್ನೂ ಸೇರಿಸುತ್ತೇವೆ.